ಗಂಟಿಲ್ಲದ ನೊಣ

ನಮ್ಮ ಮನೆಯಲ್ಲಿ ಅದಕ್ಕೆ ನೊಣ ಎಂದೇ ಹೆಸರು. ಸಣ್ಣ ಗಾಳದ ಕೊಕ್ಕೆಗೆ ಹುಂಜದ ಗರಿ, ಒಂದಿಷ್ಟು ಉಣ್ಣೆ ಇಟ್ಟು, ದಾರ ಸುತ್ತಿ, ನೀರಿನ ಮೇಲೆ ಕೂತ ಹುಳುವಿನ ಹಾಗೆ ಕಾಣುವಂತೆ ಮಾಡುವುದು. ಮೀನು ಅದನ್ನು ನಿಜವಾದ ಹುಳು ಎಂದು ನಂಬಿ ಬಾಯಿ ಹಾಕಬೇಕು. ಎರೆಹುಳ, ಹಿಟ್ಟಿನ ಉಂಡೆ ಯಾವುದೂ ಬೇಡ. ರಬಾಳೆಯ ನಮ್ಮ ಕಂಪನಿಯಲ್ಲಿ ಹಿರಿಯರೊಬ್ಬರಿಗೆ ಈ ಹುಚ್ಚು ಇತ್ತು. ನಿವೃತ್ತರಾಗುವಾಗ, ಮೇಜಿನ ಅಂಚಿಗೆ ಕಚ್ಚಿಸಿ ಕೊಕ್ಕೆಯನ್ನು ಬಿಗಿಯಾಗಿ ಹಿಡಿಸುವ ತಮ್ಮ ಪುಟ್ಟ ವೈಸನ್ನು ನನ್ನ ಕೈಗಿಟ್ಟು, "ಸಿಟ್ಟಿನವರಿಗೆ ಇದು ಒಳ್ಳೆಯದು" ಎಂದರು. ಸ್ಟೋರ್ಸ್ ವಿಭಾಗದಲ್ಲಿ ನಾನು ದಿನಕ್ಕೊಬ್ಬರ ಮೇಲೆ ಹರಿಹಾಯುವುದನ್ನು ಅವರು ನೋಡಿದ್ದರು.

ನಾವಿದ್ದದ್ದು ಮುಂಬಯಿ ಹೊರಗಿನ ಡೊಂಬಿವಲಿಯಲ್ಲಿ. ಒಂದು ಬೆಡ್‌ರೂಮು, ಒಂದು ಹಾಲ್, ಅಡಿಗೆಮನೆಯ ಕಿಟಕಿ ತೆರೆದರೆ ಎದುರು ಬಿಲ್ಡಿಂಗಿನವರ ಒಗ್ಗರಣೆಯ ವಾಸನೆ. ಬೆಳಿಗ್ಗೆ ನಾನೂ ಹೆಂಡತಿಯೂ ಒಟ್ಟಿಗೇ ಹೊರಟು ಥಾಣೆಯಲ್ಲಿ ಲೋಕಲ್ ರೈಲು ಬದಲಿಸುತ್ತಿದ್ದೆವು. ಅವಳು ಲೇಡೀಸ್ ಡಬ್ಬಿಗೆ, ನಾನು ಜನರಲ್‌ಗೆ. ರಬಾಳೆಯಲ್ಲಿ ನಾನು ಇಳಿದುಬಿಡುತ್ತಿದ್ದೆ, ಅವಳು ಸಾನಪಾಡಾದ ತನ್ನ ಆಫೀಸಿನವರೆಗೆ ಹೋಗುತ್ತಿದ್ದಳು. ಭಾನುವಾರ ಬೆಳಿಗ್ಗೆ ಮಾತ್ರ ನಾನೊಬ್ಬನೇ ಕಲ್ಯಾಣದಾಚೆ ನದಿಯ ದಂಡೆಗೆ ಹೋಗಿ ನಿಲ್ಲುತ್ತಿದ್ದೆ. ನನ್ನ ನೊಣಗಳು ಮೀನಿನ ಬಾಯಿಗೆ ಬಿದ್ದದ್ದಕ್ಕಿಂತ ಜೊಂಡಿಗೆ ಸಿಕ್ಕಿಕೊಂಡದ್ದೇ ಹೆಚ್ಚು. ಬರಿಗೈಯಲ್ಲಿ ಬಂದರೆ ಹೆಂಡತಿ ಬಾಗಿಲಲ್ಲೇ ಹೇಳುತ್ತಿದ್ದಳು: "ಮಾರ್ಕೆಟ್ಟಿನಲ್ಲಿ ಬಂಗುಡೆ ಸಿಕ್ತದೆ ಮಾರಾಯ್ರೆ. ಅದಕ್ಕೆ ಗರಿ ಕಟ್ಟುವ ಕೆಲಸ ಇಲ್ಲ." ನಮ್ಮ ಮನೆಮಾತು ತುಳು. ಇಲ್ಲಿ ಅದನ್ನು ನಮ್ಮ ಉಡುಪಿ ಕಡೆಯ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ನೊಣ ಕಟ್ಟುವುದರಲ್ಲಿ ಕಷ್ಟವಿರುವುದು ಕೊನೆಯ ಹಂತದಲ್ಲಿ. ದಾರವನ್ನು ಕೊಕ್ಕೆಯ ಕಣ್ಣಿನ ಹತ್ತಿರ ತಂದು, ಗಂಟು ಹಾಕಿ, ಆ ಗಂಟಿನ ಮೇಲೆ ಒಂದು ಹನಿ ಅಂಟು ಬಿಡಬೇಕು. ಗಂಟು ಹಿಡಿದುಕೊಳ್ಳುತ್ತದೆ, ಅಂಟು ಆ ಗಂಟನ್ನು ಕಾಯುತ್ತದೆ. ಎರಡರಲ್ಲಿ ಒಂದಾದರೂ ಗಟ್ಟಿಯಿಲ್ಲದಿದ್ದರೆ ನೀರಿನಲ್ಲಿ ಗರಿ ಒಂದು ದಿಕ್ಕಿಗೆ, ಕೊಕ್ಕೆ ಒಂದು ದಿಕ್ಕಿಗೆ. ಇದಕ್ಕೆಂದೇ ಪರದೇಶದ ಅಂಟು ಬರುತ್ತದೆ, ಬೆರಳುದ್ದದ ಬಾಟಲಿ. ಮುಚ್ಚಳ ತೆಗೆದರೆ ಥಿನ್ನರಿನ ವಾಸನೆ ಮನೆಯನ್ನೆಲ್ಲ ತುಂಬುತ್ತದೆ. ನನಗೆ ಆ ವಾಸನೆ ಇಷ್ಟವಾಗಿತ್ತು. ಅದು ಬಂತೆಂದರೆ ಒಂದು ಕೆಲಸ ಮುಗಿಯಿತು ಎಂದರ್ಥ.

ನಮಗೆ ಎರಡು ಸಲ ಮಗು ನಿಲ್ಲಲಿಲ್ಲ. ಎರಡೂ ಬೇಗನೇ ಹೋದವು. ಊರಿಗೆ ತಿಳಿಸುವ ಮೊದಲೇ ಹೋದವು, ಹಾಗಾಗಿ ದುಃಖ ನಮ್ಮಿಬ್ಬರಲ್ಲೇ ಉಳಿಯಿತು. ಮೂರನೆಯ ಸಲ ಮೂರು ತಿಂಗಳು ದಾಟಿದಾಗ ಹೆಂಡತಿ ಒಂದು ಬೆಳಿಗ್ಗೆ ಸ್ಟೇಷನ್ನಿನ ಮೆಟ್ಟಿಲಲ್ಲಿ ನಿಂತು, "ಈ ಸಲ ಉಳೀಬಹುದು ಅನ್ನಿಸ್ತದೆ" ಎಂದಳು. ಸುತ್ತ ಜನ ನುಗ್ಗುತ್ತಿದ್ದರು. ಯಾರೋ ನನ್ನ ಬೆನ್ನಿಗೆ ಚೀಲ ತಾಗಿಸಿ "ಅರೇ ಚಲೋ ನಾ" ಎಂದರು. ಬೇರೆ ದಿನವಾಗಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದೆ. ಅವತ್ತು ಅವಳ ಪಕ್ಕ ಕೈ ಅಡ್ಡ ಇಟ್ಟು ಸುಮ್ಮನೆ ಮೆಟ್ಟಿಲು ಹತ್ತಿದೆ.

ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದ್ದರು: ಪೇಂಟ್, ಥಿನ್ನರ್, ಆ ತರಹದ ಯಾವ ವಾಸನೆಯೂ ಬೇಡ. ನಾನು ಅದೇ ಸಂಜೆ ಅಂಟಿನ ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೆಳಗೆ ಸ್ಕೂಟರಿನ ಡಿಕ್ಕಿಯಲ್ಲಿಟ್ಟೆ. ಆದರೆ ನಮ್ಮದು ಡೊಂಬಿವಲಿ. ಕೆಲವು ಸಂಜೆ ಕೆಮಿಕಲ್ ಕಾರ್ಖಾನೆಗಳ ಕಡೆಯಿಂದ ಗಾಳಿ ತಿರುಗಿದರೆ ಕೊಳೆತ ಮೂಲಂಗಿಯಂಥ ವಾಸನೆ ಬರುತ್ತದೆ. ಸೆಖೆಯಲ್ಲಿ ಬೇಯುತ್ತಾ ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗೆ ಒದ್ದೆ ಟವೆಲ್ ತುರುಕುತ್ತಿದ್ದೆ. ಬಾಟಲಿಯನ್ನು ಮನೆಯಿಂದ ಹೊರಗೆ ಹಾಕಬಹುದು, ಊರಿನ ಗಾಳಿಯನ್ನು ಎಲ್ಲಿ ಹಾಕುವುದು? ಆಗ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಬೇಕೆಂದು ತಿಳಿಯದೆ ಪಾತ್ರೆ ತೊಳೆಯುತ್ತಿದ್ದೆ.

ನದಿಗೆ ಹೋಗುವುದನ್ನೂ ಬಿಟ್ಟೆ. ಹೊಟ್ಟೆಯಲ್ಲಿ ಜೀವ ಇರುವಾಗ ಗಂಡ ಜೀವ ತೆಗೆಯಬಾರದು ಎಂದು ಊರಿನಿಂದ ಅತ್ತೆಯ ಫೋನು ಬಂದಿತ್ತು. ಆದರೆ ಕಾಯುವ ದಿನಗಳಲ್ಲಿ ಕೈಗೆ ಏನಾದರೂ ಬೇಕು. ಇಲ್ಲದಿದ್ದರೆ ಅವಳು ಕೂತರೆ ಯಾಕೆ ಕೂತೆ, ಎದ್ದರೆ ಯಾಕೆ ಎದ್ದೆ ಎಂದು ನಾನು ಕೇಳುತ್ತಿದ್ದೆ. ಅವಳೇ ಒಂದು ದಿನ ವೈಸನ್ನು ತಂದು ಮೇಜಿಗೆ ಕಚ್ಚಿಸಿದಳು. "ನೊಣ ಕಟ್ಟಿಕೊಂಡು ಕೂತ್ಕೊಳ್ಳಿ. ನನ್ನ ತಲೆ ತಿನ್ಬೇಡಿ."

ಹೀಗೆ ಮನೆಯೊಳಗಿನ ಅಂಟುಗಳ ಹುಡುಕಾಟ ಶುರುವಾಯಿತು. ಬಣ್ಣವಿಲ್ಲದ ನೇಲ್ ಪಾಲಿಶ್ ಚೆನ್ನಾಗಿ ಕೂರುತ್ತದೆಂದು ಎಲ್ಲರೂ ಹೇಳುತ್ತಾರೆ, ನಿಜವೂ ಹೌದು, ಆದರೆ ವಾಸನೆಯಲ್ಲಿ ಅದು ಆ ಬಾಟಲಿಯ ತಂಗಿಯೇ. ಚಪ್ಪಲಿಗೆ ಹಾಕುವ, ತಕ್ಷಣ ಹಿಡಿಯುವ ಅಂಟು ಕಣ್ಣು ಉರಿಸುತ್ತದೆ, ಅದೂ ಹೊರಗೆ. ಉಳಿದದ್ದು ಬಡಗಿಗಳ ಬಿಳಿ ಗೋಂದು. ವಾಸನೆ ಇಲ್ಲವೆಂದೇ ಹೇಳಬೇಕು, ಒಣಗಿದರೆ ಗಾಜಿನಂತೆ ತಿಳಿ. ಖುಷಿಯಾಯಿತು. ಬಕೆಟ್ಟಿನ ನೀರಲ್ಲಿ ಹಾಕಿದೆ. ಸ್ವಲ್ಪ ಹೊತ್ತಿಗೆ ಗೋಂದು ಉಬ್ಬಿ ಮತ್ತೆ ಬೆಳ್ಳಗಾಗಿ ಮೆತ್ತಗಾಯಿತು. ಅದರ ಮೇಲೆ ಮೇಣದಬತ್ತಿಯನ್ನು ಕರಗಿಸಿ ಒಂದು ಪದರ ಕೊಟ್ಟರೆ ಸ್ವಲ್ಪ ಜಾಸ್ತಿ ಹೊತ್ತು ತಾಳುತ್ತಿತ್ತು. ಮೈದಾ ಗಂಜಿಯನ್ನೂ ನೋಡಿದೆ. ಬೆಳಿಗ್ಗೆ ಎದ್ದರೆ ಜಿರಲೆಗಳು ಗಂಜಿಯ ಜೊತೆಗೆ ಗರಿಯನ್ನೂ ತಿಂದು ಬರೀ ಕೊಕ್ಕೆ ಬಿಟ್ಟಿದ್ದವು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮೀನಿಗೆ ಇಟ್ಟದ್ದು ಜಿರಲೆಗೆ ಪ್ರಸಾದ ಆಯ್ತು!" ಅವಳು ನಕ್ಕಾಗ ನಾನು ಅವಳ ಹೊಟ್ಟೆಯನ್ನೇ ನೋಡುತ್ತಿದ್ದೆ. ಅಷ್ಟು ನಗಬಹುದೇ, ಬಾರದೇ ಎಂದು ಭಯ.

ಗಂಟು ಇರುವ ತನಕ ಈ ಅಂಟುಗಳು ಹೇಗೋ ಸಾಲುತ್ತಿದ್ದವು. ಮೇ ತಿಂಗಳಲ್ಲಿ ಅತ್ತೆ ಬಂದರು.

ಅತ್ತೆ ಬಸ್ಸಿನಲ್ಲಿ ಬಂದದ್ದು, ಒಂದು ಗೋಣಿಯಲ್ಲಿ ಹಲಸಿನ ಹಣ್ಣು ಹಾಕಿಕೊಂಡು. ಮಗಳ ಮುಖ ನೋಡಿ ಅತ್ತರು, ಕಣ್ಣೊರೆಸಿಕೊಂಡು ಮನೆಯನ್ನೆಲ್ಲ ನೋಡಿದರು. ಮೇಜಿನ ಮೇಲೆ ವೈಸು, ಅದರಲ್ಲಿ ಅರ್ಧ ಮುಗಿದ ನೊಣ. ನಾನು ಕೆಲಸ ತೋರಿಸಲೆಂದು ದಾರದ ಕೊನೆ ಕಟ್ಟಲು ಹೋದೆ. ಅವರು ನನ್ನ ಕೈ ಹಿಡಿದರು. ಅಳಿಯನ ಕೈಯನ್ನು ಅವರು ಅದುವರೆಗೆ ಮುಟ್ಟಿರಲಿಲ್ಲ.

"ಗಂಟು ಹಾಕ್ಬೇಡಿ. ಬಸುರಿಯ ಗಂಡ ಗಂಟು ಹಾಕ್ಲಿಕ್ಕಿಲ್ಲ."

ಅವರ ಮನೆತನದಲ್ಲಿ ಹಾಗಂತೆ. ಬೇರೆ ಮನೆಗಳಲ್ಲಿ ಇದೆಯೋ ಇಲ್ಲವೋ ನಾನು ವಿಚಾರಿಸಲು ಹೋಗಲಿಲ್ಲ. ಗಂಡ ಹಾಕಿದ ಗಂಟು ಮಗುವಿನ ದಾರಿಗೆ ಬೀಳುತ್ತದೆ ಎಂದು ಅವರ ನಂಬಿಕೆ. ಹೆಂಗಸರು ಹಾಕಬಹುದು, ಗಂಡ ಮಾತ್ರ ಕೂಡದು. ಅಂದಿನಿಂದ ಕಸದ ಚೀಲದ ಬಾಯಿ ಕಟ್ಟುವುದು ಅತ್ತೆ, ಬಟ್ಟೆ ಒಣಗಿಸುವ ಹಗ್ಗ ಬಿಗಿಯುವುದು ಅತ್ತೆ. ಕಂಪನಿಗೆ ಬೂಟು ಹಾಕಲೇಬೇಕು, ನಾನು ಲೇಸನ್ನು ಗಂಟಿಲ್ಲದೆ ಬೂಟಿನೊಳಗೆ ತುರುಕಿಕೊಂಡು ಹೋಗುತ್ತಿದ್ದೆ. ರಬಾಳೆಯ ಸಬ್‌ವೇಯಲ್ಲಿ ಒಮ್ಮೆ ಬೂಟೇ ಕಳಚಿ ಹಿಂದೆ ಉಳಿಯಿತು, ಜನ ಅದನ್ನು ಒದ್ದುಕೊಂಡೇ ಮುಂದೆ ಹೋದರು.

ನಾನು ಸ್ವಲ್ಪ ವಾದ ಮಾಡಿದೆ. ನೊಣದ ತಲೆಗೆ ಹಾಕುವುದು ನಿಜವಾದ ಗಂಟಲ್ಲ, ದಾರವನ್ನು ಅದರದೇ ಸುತ್ತಿನ ಕೆಳಗೆ ತೂರಿಸಿ ಎಳೆಯುವುದು ಅಷ್ಟೇ ಎಂದು ಒಂದು ಹಳೆಯ ನೊಣ ತೋರಿಸಿ ವಿವರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

"ಎಳೆದರೆ ಬಿಚ್ತದಾ?"

"ಇಲ್ಲ ಅತ್ತೆ. ಬಿಚ್ಚಬಾರದು ಅಂತಲೇ ಹಾಕುವುದು."

"ಹಾಗಾದರೆ ಗಂಟೇ."

ನನಗೆ ಆ ಕಟ್ಟುಪಾಡಿನಲ್ಲಿ ನಂಬಿಕೆ ಇರಲಿಲ್ಲ. ಭಯ ಇತ್ತು. ಎರಡು ಸಲ ಕಳೆದುಕೊಂಡವನಿಗೆ ನಂಬಿಕೆ, ಅಪನಂಬಿಕೆ ಎಂದೆಲ್ಲ ಮಾತಾಡುವ ಧೈರ್ಯ ಎಲ್ಲಿಂದ ಬರಬೇಕು? ಸರಿ ಎಂದೆ. ಡಾಕ್ಟರು ಅಂಟು ಕಿತ್ತುಕೊಂಡಿದ್ದರು, ಅತ್ತೆ ಗಂಟು ಕಿತ್ತುಕೊಂಡರು. ಇನ್ನು ವಾಸನೆಯೇ ಇಲ್ಲದ, ಆದರೆ ಗಂಟಿನ ಕೆಲಸವನ್ನೂ ತಾನೇ ಮಾಡುವ ಅಂಟು ಬೇಕಾಗಿತ್ತು.

ನನ್ನ ಪೆಚ್ಚು ಮುಖ ನೋಡಿ ಅತ್ತೆಗೆ ಕನಿಕರ ಬಂದಿರಬೇಕು. "ಗಂಟು ಬೇಡ ಅಂದದ್ದು, ಕೆಲಸ ಬೇಡ ಅನ್ಲಿಲ್ಲ" ಎಂದು ಹಲಸಿನ ಹಣ್ಣು ಕೊಯ್ಯುವಾಗ ಅದರ ಮೇಣವನ್ನೆಲ್ಲ ಒಂದು ಕಡ್ಡಿಗೆ ಸುತ್ತಿ ಕೊಟ್ಟರು. ಊರಲ್ಲಿ ಕೊಡಪಾನ ತೂತಾದರೆ ಇದನ್ನೇ ಬಿಸಿ ಮಾಡಿ ಮೆತ್ತುತ್ತಾರಂತೆ. ಗ್ಯಾಸಿನ ಉರಿಗೆ ತೋರಿಸಿ, ಸೂಜಿಯ ಮೊನೆಯಲ್ಲಿ ಒಂದಿಷ್ಟು ತೆಗೆದು, ದಾರದ ಕೊನೆಯ ಸುತ್ತುಗಳ ಕೆಳಗೆ ಸವರಿ ಒತ್ತಿದೆ. ಬಕೆಟ್ಟಿನಲ್ಲಿ ಎಷ್ಟು ಕುಲುಕಿದರೂ ದಾರ ಅಲ್ಲಾಡಲಿಲ್ಲ! ಆದರೆ ಅದು ಆರುವ ಜಾತಿಯದಲ್ಲ. ನೊಣ ಡಬ್ಬಿಯ ಮುಚ್ಚಳಕ್ಕೆ, ಮುಚ್ಚಳ ಪೇಪರಿಗೆ, ಒಂದು ಗರಿ ಅತ್ತೆಯ ಕನ್ನಡಕದ ಕಾಲಿಗೆ. ಕನ್ನಡಕವನ್ನು ಕೊಬ್ಬರಿ ಎಣ್ಣೆ ಹಾಕಿ ತಿಕ್ಕುತ್ತಾ ಅವರೂ ನಕ್ಕರು. ಕೊನೆಗೆ ಒಂದು ಹದಕ್ಕೆ ಬಂದೆ. ಒಳಗೆ ಚೂರೇ ಚೂರು ಹಲಸಿನ ಮೇಣ, ಅದರ ಮೇಲೆ ಬಿಳಿ ಗೋಂದು, ಎಲ್ಲಕ್ಕಿಂತ ಮೇಲೆ ಮೇಣದಬತ್ತಿಯ ಪದರ. ಹೀಗೆ ಮಾಡಿದ ನೊಣಗಳಲ್ಲಿ ಕೆಲವು ನಿಂತವು, ಕೆಲವು ಬಿಚ್ಚಿಕೊಂಡವು. ಬಿಚ್ಚಿಕೊಂಡರೆ ನನಗೆ ಬೇಸರಕ್ಕಿಂತ ಸಮಾಧಾನವೇ ಹೆಚ್ಚು ಆಗುತ್ತಿತ್ತು. ನಾನು ಏನನ್ನೂ ಬಿಗಿದಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಹೆಂಡತಿ ಐದನೆಯ ತಿಂಗಳು ಮುಗಿಯುವವರೆಗೂ ಆಫೀಸಿಗೆ ಹೋದಳು. ರಜೆಯನ್ನೆಲ್ಲ ಹೆರಿಗೆಯ ನಂತರಕ್ಕೆ ಉಳಿಸಿಕೊಳ್ಳಬೇಕೆಂದು ಇಬ್ಬರೂ ಕೂತು ತೀರ್ಮಾನಿಸಿದ್ದು. ಡಾಕ್ಟರಮ್ಮನೂ ಅಡ್ಡಿಯಿಲ್ಲ ಎಂದಿದ್ದರು. ಲೇಡೀಸ್ ಡಬ್ಬಿಯಲ್ಲಿ ಅವಳಿಗೆ ಸೀಟು ಬಿಟ್ಟುಕೊಡುವವರಿದ್ದರು. ಆಮೇಲೆ ಮನೆಯಲ್ಲೇ ಇದ್ದಳು. ಮಗು ಒದೆಯಲು ಶುರು ಮಾಡಿತ್ತು. ನಾನು ನೊಣ ಸುತ್ತುತ್ತಿರುವಾಗ "ಬನ್ನಿ ಬನ್ನಿ" ಎಂದು ಕೂಗುತ್ತಿದ್ದಳು, ನಾನು ಓಡಿ ಹೋಗಿ ಕೈಯಿಡುವಷ್ಟರಲ್ಲಿ ಅದು ಸುಮ್ಮನಾಗುತ್ತಿತ್ತು. ಒಂದೇ ಒಂದು ಸಲ ಸಿಕ್ಕಿತು. ನನ್ನ ಅಂಗೈಗೆ ಒಳಗಿನಿಂದ ಒಂದು ಗುದ್ದು. ಅಪ್ಪನ ಸಿಟ್ಟೇ ಬಂದಿದೆ ಎಂದಳು.

ಮಳೆ ಹಿಡಿದ ಮೇಲೆ, ಬಯಕೆಯ ಶಾಸ್ತ್ರಕ್ಕೆ ದಿನ ನೋಡುತ್ತಿದ್ದಾಗ, ಒಂದು ಬೆಳಿಗ್ಗೆ ಅವಳು ಹಾಸಿಗೆಯಲ್ಲೇ ಕೂತು, "ನಿನ್ನೆಯಿಂದ ಒದ್ದದ್ದು ಗೊತ್ತಾಗ್ಲಿಲ್ಲ" ಎಂದಳು. ರಸ್ತೆಯಲ್ಲಿ ಮೊಣಕಾಲು ನೀರು. ರಿಕ್ಷಾದವನು ಹೇಗೋ ಆಸ್ಪತ್ರೆ ತಲುಪಿಸಿದ. ಸ್ಕ್ಯಾನಿಂಗಿನ ಸ್ಕ್ರೀನನ್ನು ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ನೋಡಿದಾಗಲೇ ನಮಗೆ ತಿಳಿಯಿತು.

ಹೆಣ್ಣು ಮಗು. ನಾನು ಎತ್ತಿಕೊಂಡೆ. ಅದರ ಬಗ್ಗೆ ಇಲ್ಲಿ ಇಷ್ಟೇ ಬರೆಯಬಲ್ಲೆ.

ಯಾಕೆ ಹೀಗಾಯಿತು ಎಂದು ಕೇಳಿದ್ದಕ್ಕೆ ಡಾಕ್ಟರಮ್ಮ, ಎಲ್ಲ ಪರೀಕ್ಷೆ ಮಾಡಿದರೂ ಕೆಲವೊಮ್ಮೆ ಕಾರಣ ಸಿಗುವುದಿಲ್ಲ ಎಂದರು. ನಾನು ಕೂಗಾಡಿದೆ. ಅವರು ತಿರುಗಿ ಕೂಗಾಡಲಿಲ್ಲ, ನನ್ನ ಮುಂದೆ ಒಂದು ಲೋಟ ನೀರು ಇಟ್ಟರು. ಕಾರಣ ಸಿಗುವುದಿಲ್ಲ ಎಂಬ ಮಾತನ್ನು ಮನೆಗೆ ಹೇಗೆ ಹೊತ್ತುಕೊಂಡು ಹೋಗಬೇಕೆಂದು ನನಗೆ ತಿಳಿಯಲಿಲ್ಲ.

ಊರಿನವರಿಗೆ ಮಾತ್ರ ಕಾರಣ ತಕ್ಷಣ ಸಿಕ್ಕಿತು. ಚಿಕ್ಕಮ್ಮ, ದೊಡ್ಡಮ್ಮ, ಅತ್ತಿಗೆಯರು ಒಬ್ಬರಾದ ಮೇಲೊಬ್ಬರು ಫೋನು ಮಾಡಿದರು. ಅತ್ತೆಗೆ ಕಿವಿ ಸ್ವಲ್ಪ ಮಂದ, ಫೋನು ಯಾವಾಗಲೂ ಸ್ಪೀಕರಿನಲ್ಲಿ. "ಆ ಬೊಂಬಾಯಿ ಟ್ರೇನಲ್ಲಿ ಐದು ತಿಂಗಳವರೆಗೆ ನೇತಾಡಿದ್ರೆ ಮತ್ತೆಂತ ಆಗ್ತದೆ?" "ಸಂಬಳ ಬೇಕಲ್ಲ ಈಗಿನವರಿಗೆ." ಹೆಂಡತಿ ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಇಬ್ಬರೂ ಸೇರಿ ಮಾಡಿದ ತೀರ್ಮಾನ ಅವಳೊಬ್ಬಳ ತಲೆಗೆ ಬಂದಿತ್ತು. ನಾನು ಒಮ್ಮೆ ಫೋನು ಕಿತ್ತುಕೊಂಡು ಬೈದೆ. ಅದರಿಂದ ಮುಂದಿನ ಫೋನುಗಳಲ್ಲಿ ಸ್ವರ ತಗ್ಗಿತೇ ಹೊರತು ಮಾತು ನಿಲ್ಲಲಿಲ್ಲ. ಅವಳು ಊಟ ಬಿಟ್ಟಳು. ಗಂಜಿ ಕೊಟ್ಟರೆ ಎರಡು ಚಮಚ ಕುಡಿದು ತಟ್ಟೆ ಸರಿಸುತ್ತಿದ್ದಳು. ಎದೆಯಲ್ಲಿ ಹಾಲು ಬಂದು ನೈಟಿ ಒದ್ದೆಯಾಗುತ್ತಿತ್ತು, ಅದನ್ನು ಬದಲಿಸಲೂ ಏಳುತ್ತಿರಲಿಲ್ಲ. ಮಗುವಿನ ಹಾಗೆ ನನ್ನ ಹೆಂಡತಿಯೂ ಕೈಬಿಟ್ಟು ಹೋಗುತ್ತಾಳೆ ಎಂದು ನನಗೆ ಅನ್ನಿಸಿತು.

ಅತ್ತೆ ಕೆಟ್ಟವರಲ್ಲ. ಆದರೆ ಅವರಿಗೂ ಒಂದು ಕಾರಣ ಬೇಕಿತ್ತು. ಒಂದು ಮಧ್ಯಾಹ್ನ ಅನ್ನ ಬಡಿಸುತ್ತಾ, ಮಗಳ ಕಡೆ ನೋಡದೆ, "ಆ ರಶ್ಶಿನಲ್ಲಿ ಹೋಗ್ಬೇಡ ಅಂತ ನಾನು ಆಗಲೇ ಹೇಳಿದ್ದೆ" ಎಂದರು. ಮತ್ತೆ ನನ್ನ ಕಡೆ ತಿರುಗಿದರು. "ನೀವು ಗಂಟು ಗಿಂಟು ಏನೂ ಹಾಕಿರ್ಲಿಲ್ಲ ಅಲ್ವಾ?"

ಇಲ್ಲ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೆಂಡತಿಯ ಮುಖ ನೋಡಿದೆ.

"ಹಾಕಿದ್ದೆ ಅತ್ತೆ" ಎಂದೆ.

ಅವರು ಅನ್ನದ ಪಾತ್ರೆಯನ್ನು ನೆಲಕ್ಕಿಟ್ಟರು.

"ಅಂಟು ನಿಲ್ತಾ ಇರ್ಲಿಲ್ಲ. ಸಿಟ್ಟು ಬಂತು. ಹಾಕಿಬಿಟ್ಟೆ."

ಆಮೇಲಿನದನ್ನು ವಿವರಿಸುವುದು ಬೇಡ. ಅಷ್ಟು ಬೈಗುಳ ತಿಂದು ನಾನು ಬಾಯಿ ಮುಚ್ಚಿ ಕೂತದ್ದು ಜನ್ಮದಲ್ಲಿ ಅದೊಂದೇ ಸಲ. ಸಂಜೆಯೊಳಗೆ ಅತ್ತೆ ಊರಿಗೆಲ್ಲ ಫೋನು ಮಾಡಿ ತಿಳಿಸಿದರು. ಗಾಳಿ ಬೀಸುವ ದಿಕ್ಕೇ ಬದಲಾಯಿತು. ಟ್ರೇನಿನ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ದೊಡ್ಡಮ್ಮ ನನ್ನ ಹೆಂಡತಿಗೆ ಫೋನು ಮಾಡಿ, "ನಿನ್ನ ತಪ್ಪು ಎಂತದೂ ಇಲ್ಲ ಮಗಾ" ಎಂದು ಅತ್ತರು. ಹೆಂಡತಿ ನನ್ನೊಂದಿಗೆ ಮಾತು ಬಿಟ್ಟಳು. ಆದರೆ ಊಟ ಮಾಡಿದಳು. ಬಟ್ಟೆ ಬದಲಿಸಿದಳು, ತಲೆ ಬಾಚಿಕೊಂಡಳು. ನಾನು ವೈಸು, ದಾರ, ಗರಿ ಎಲ್ಲವನ್ನೂ ಚೀಲಕ್ಕೆ ಹಾಕಿ ಅಟ್ಟದ ಮೇಲಿಟ್ಟೆ. ಅವಳು ನನ್ನ ಮುಖ ನೋಡದೆ ನನ್ನ ತಟ್ಟೆಗೆ ಬಡಿಸುತ್ತಿದ್ದಳು. ಅದು ಸಾಕಾಗಿತ್ತು ನನಗೆ. ಅವಳು ನಿಜವೆಂದೇ ನಂಬಿದ್ದಾಳೆ ಎಂದುಕೊಂಡಿದ್ದೆ.

ಮಳೆ ಕಡಿಮೆಯಾದ ಮೇಲೆ ಅತ್ತೆ ಊರಿಗೆ ಹೊರಟರು. ಅವರನ್ನು ರೈಲು ಹತ್ತಿಸಲು ಇಬ್ಬರೂ ಥಾಣೆಗೆ ಹೋದೆವು. ಕಿಟಕಿಯ ಹೊರಗೆ ಕೈ ಚಾಚಿ ಅವರು ಮಗಳ ಕೆನ್ನೆ ಸವರಿದರು. ನನಗೆ ಬರುತ್ತೇನೆ ಎಂದು ಕೂಡ ಹೇಳಲಿಲ್ಲ. ಗಾಡಿ ಹೋಯಿತು. ನಾವು ಸೇತುವೆ ದಾಟಿ ಡೊಂಬಿವಲಿಯ ಲೋಕಲ್ ಬರುವ ಪ್ಲಾಟ್‌ಫಾರ್ಮಿಗೆ ಬಂದು ನಿಂತೆವು. ಅವಳು ಲೇಡೀಸ್ ಡಬ್ಬಿ ನಿಲ್ಲುವ ಜಾಗಕ್ಕೆ ಹೋಗಲಿಲ್ಲ, ನನ್ನ ಪಕ್ಕದಲ್ಲೇ ನಿಂತಳು.

"ನೀವು ಗಂಟು ಹಾಕಿರ್ಲಿಲ್ಲ" ಎಂದಳು.

ನಾನು ಗಾಡಿ ಬರುವ ದಿಕ್ಕಿಗೆ ನೋಡಿದೆ.

"ನೀವು ಹಾಕುವವರಲ್ಲ. ನನಗೆ ಗೊತ್ತುಂಟು."

"ಮತ್ತೆ ಅಮ್ಮನಿಗೆ ಯಾಕೆ ಹೇಳ್ಲಿಲ್ಲ?"

"ಅಮ್ಮ ಊರಿಗೆ ಅದನ್ನೇ ತಗೊಂಡು ಹೋಗ್ಲಿ ಅಂತ." ಹಳಿಯ ಕಡೆ ನೋಡುತ್ತಾ ಮುಂದುವರಿಸಿದಳು. "ಅವರಿಗೆಲ್ಲ ಕಾರಣ ಸಿಕ್ಕಿ ಆಯ್ತು. ನನಗೆ ಮಾತ್ರ ಇನ್ನೂ ಟ್ರೇನಿನಿಂದಲೇ ಆಯ್ತು ಅಂತ ಅನ್ನಿಸ್ತದೆ. ಒಂದು ದಿನ ಕಲ್ವಾ ಹತ್ತಿರ ಗಾಡಿ ಜೋರು ಕುಲುಕಿತ್ತು. ಅದೇ ನೆನಪಾಗ್ತದೆ."

"ಡಾಕ್ಟರು ಹೇಳಿದ್ರಲ್ಲ, ಕಾರಣ ಯಾವುದೂ ಇಲ್ಲ ಅಂತ."

"ಕಾರಣ ಇಲ್ಲದೆ ನಾನು ಹೇಗೆ ಇರ್ಲಿ?"

ಲೋಕಲ್ ಬರುವುದು ಕಾಣಿಸಿತು. ಸುತ್ತಲಿನವರು ಚೀಲಗಳನ್ನು ಎದೆಗೆ ಒತ್ತಿಕೊಂಡು ಮುಂದೆ ಸರಿದರು. ಅವಳು ನನ್ನ ತೋಳು ಹಿಡಿದಳು. ತಿಂಗಳುಗಳ ಮೇಲೆ ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದಳು.

"ಇನ್ನೊಮ್ಮೆ ಹೇಳಿ" ಎಂದಳು. "ಅಮ್ಮನಿಗೆ ಹೇಳಿದ ಹಾಗೆ. ನನಗೆ ಹೇಳಿ."

ನಾನು ಅವಳ ಕಣ್ಣು ನೋಡಿಕೊಂಡೇ ಹೇಳಿದೆ. "ಅಂಟು ನಿಲ್ತಾ ಇರ್ಲಿಲ್ಲ. ಸಿಟ್ಟು ಬಂತು. ಗಂಟು ಹಾಕಿಬಿಟ್ಟೆ."

ಅವಳು ಕೊನೆಯವರೆಗೂ ಕೇಳಿದಳು. ತಲೆಯಾಡಿಸಿದಳು. ಮತ್ತೆ ಗಾಡಿ ಹತ್ತಿದೆವು.